ಮೂರು ದಿನದ ರಜೆ ಕೇಳಿದವರು

ದೇವರಿಗಾಗಿ ಕೆಲಸ ಬಿಟ್ಟು ಕೆಲವು ದಿನ ದೂರ ಹೋಗಿಬರುತ್ತೇವೆ ಎಂಬ ಬೇಡಿಕೆ ಬೈಬಲಿನಲ್ಲಿ ಮೊದಲು ಕೇಳಿಬರುವುದು ಈಜಿಪ್ಟಿನಲ್ಲಿ ಇಟ್ಟಿಗೆ ಮಾಡುತ್ತಿದ್ದ ಗುಲಾಮರ ಪರವಾಗಿ. ವಿಮೋಚನಕಾಂಡದ 5ನೇ ಅಧ್ಯಾಯದಲ್ಲಿ ಮೋಶೆ, ಆರೋನರು ಫರೋಹನ ಮುಂದೆ ನಿಂತು ಕೇಳುವುದಿಷ್ಟೆ: ಮೂರು ದಿನದ ಪ್ರಯಾಣದಷ್ಟು ದೂರ ಮರುಭೂಮಿಗೆ ಹೋಗಿ ನಮ್ಮ ದೇವರನ್ನು ಆರಾಧಿಸಲು ಬಿಡು. ಈಗಿನ ಮಾತಿನಲ್ಲಿ ಅದೊಂದು ರಜೆ ಅರ್ಜಿ. ಅದಕ್ಕೆ ಸಿಕ್ಕ ಉತ್ತರವೂ ಈಗಿನ ಕಿವಿಗೆ ಹೊಸದೇನಲ್ಲ. ಈ ಜನಕ್ಕೆ ಮೈಗಳ್ಳತನ, ಕೈತುಂಬ ಕೆಲಸವಿಲ್ಲದ್ದರಿಂದಲೇ ದೇವರ ನೆನಪಾಗಿದೆ ಎಂದು ಫರೋಹ ತೀರ್ಮಾನಿಸುತ್ತಾನೆ. ಅಂದೇ ಆಜ್ಞೆ ಹೊರಡುತ್ತದೆ: ಇನ್ನು ಮೇಲೆ ಹುಲ್ಲನ್ನು ಅವರೇ ಹುಡುಕಿ ತರಬೇಕು, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಇಳಿಯಬಾರದು. ಲೆಕ್ಕ ತಪ್ಪಿದಾಗ ಏಟು ಬಿದ್ದದ್ದು ಇಸ್ರಯೇಲರೊಳಗಿಂದಲೇ ಆರಿಸಿದ ಮೇಸ್ತ್ರಿಗಳ ಬೆನ್ನಿಗೆ. ಕ್ರೈಸ್ತರು ಧ್ಯಾನಕೂಟ, ರಿಟ್ರೀಟ್, ತಪಸ್ಸುಕಾಲದ ಏಕಾಂತ ಎಂದು ಮಾತಾಡುವಾಗ ಸಾಮಾನ್ಯವಾಗಿ ಈ ಪುಟ ತೆರೆಯುವುದಿಲ್ಲ. ಯೇಸುವಿನ ನಲವತ್ತು ದಿನದ ಉಪವಾಸ, ಎಲೀಯನ ಹೋರೇಬ್ ಬೆಟ್ಟ ನೆನಪಾಗುತ್ತವೆ. ಆದರೆ ಈ ಪುಟವನ್ನು ಮೊದಲಿಗಿಟ್ಟು ನೋಡಿದರೆ ಆತ್ಮದ ನವೀಕರಣಕ್ಕೆ ಬಿಡುವು ಮಾಡಿಕೊಳ್ಳುವ ವಿಚಾರದ ಬಣ್ಣವೇ ಬದಲಾಗುತ್ತದೆ. ಅದು ಬಿಡುವೇ ಇಲ್ಲದವರಿಗೆ ಸಲ್ಲಬೇಕಾದ ಬಾಕಿ, ತೀರಿಸಬೇಕಾದವರು ಅವರ ಜೊತೆಗಿರುವ ವಿಶ್ವಾಸಿಗಳು ಎಂಬುದು ನನ್ನ ವಾದ.

ಮೂರು ದಿನ ಎಂಬುದು ಬರೀ ಉಪಾಯದ ಮಾತು, ಮೋಶೆಯ ಗುರಿ ಪೂರ್ತಿ ಬಿಡುಗಡೆಯೇ ಆಗಿತ್ತು ಎನ್ನುವ ವ್ಯಾಖ್ಯಾನಕಾರರಿದ್ದಾರೆ. ಇರಬಹುದು. ಆದರೂ ಬಿಡುಗಡೆಯ ಕಥೆ ಆರಾಧನೆಯ ರಜೆಯಿಂದಲೇ ಶುರುವಾಗುತ್ತದೆ ಎಂಬುದು ಹಾಗೆಯೇ ಉಳಿಯುತ್ತದೆ. ಮುಂದೆ ಧರ್ಮೋಪದೇಶಕಾಂಡ ಸಬ್ಬತ್ತಿನ ಕಟ್ಟಳೆಯನ್ನು ಮತ್ತೆ ಹೇಳುವಾಗ ಕಾರಣವಾಗಿ ಕೊಡುವುದೂ ಅದೇ ನೆನಪನ್ನು. ನೀನು ಈಜಿಪ್ಟಿನಲ್ಲಿ ದಾಸನಾಗಿದ್ದವನು; ಆದ್ದರಿಂದ ನಿನ್ನ ಆಳು, ದಾಸಿ, ಎತ್ತು, ಕತ್ತೆ, ನಿನ್ನೂರಿನ ಪರದೇಶಿ, ಎಲ್ಲರಿಗೂ ನಿನಗಿದ್ದಷ್ಟೇ ವಿಶ್ರಾಂತಿ ಸಿಗಬೇಕು ಎಂಬುದು ಅದರ ತಾತ್ಪರ್ಯ. ಈ ಪಟ್ಟಿಯಲ್ಲಿ ಹೆಂಡತಿಯ ಪ್ರಸ್ತಾಪವಿಲ್ಲ. ಅವಳು ‘ನೀನು’ ಎಂಬುದರೊಳಗೇ ಸೇರಿದ್ದಾಳೆ ಎನ್ನುತ್ತಾರೆ ಪಂಡಿತರು. ಅಡುಗೆಮನೆಗಳ ಇತಿಹಾಸ ಹಾಗೆ ಹೇಳುವುದಿಲ್ಲ. ಅದೇನೇ ಇರಲಿ, ಒಬ್ಬನ ವಿಶ್ರಾಂತಿಯ ಬೆಲೆಯನ್ನು ಇನ್ನೊಬ್ಬರು ದುಡಿದು ತೆರಬಾರದು ಎಂಬ ತತ್ವ ಅಲ್ಲಿದೆ. ಬಿಡುವನ್ನು ಪಡೆಯುವುದರಷ್ಟೇ ಕೊಡುವುದೂ ಕಟ್ಟಳೆ.

ಇಂದು ಧ್ಯಾನಕೂಟಕ್ಕೆ ಕರೆಯುವವರ ಭಾಷೆ ಬೇರೆ. ದಣಿದಿದ್ದೀರಿ, ಬನ್ನಿ, ಮೊಬೈಲಿನ ಬ್ಯಾಟರಿಯಂತೆ ಮನಸ್ಸನ್ನೂ ಚಾರ್ಜ್ ಮಾಡಿಕೊಂಡು ಹೊಸ ಹುರುಪಿನಿಂದ ಕೆಲಸಕ್ಕೆ ಮರಳಿ ಎನ್ನುತ್ತಾರೆ. ಈ ಹೋಲಿಕೆಗೆ ಫರೋಹನ ತಕರಾರೂ ಇರಲಾರದು. ಮೂರು ದಿನ ಬಿಟ್ಟರೆ ನಾಲ್ಕನೆಯ ದಿನದಿಂದ ಇಟ್ಟಿಗೆ ಹೆಚ್ಚು ಬರುತ್ತದೆ ಎಂದು ಯಾರಾದರೂ ಲೆಕ್ಕ ತೋರಿಸಿದ್ದರೆ ಅವನೇ ಗಾಡಿ ಕಟ್ಟಿಸಿಕೊಡುತ್ತಿದ್ದನೇನೋ. ಕ್ರೈಸ್ತ ಪರಂಪರೆಯಲ್ಲಿ ಏಕಾಂತದ ಗುರಿ ಕೆಲಸದ ಹುರುಪಲ್ಲ, ಬಾಳಿನ ತೀರ್ಮಾನ. ಲೊಯೋಲದ ಇಗ್ನೇಷಿಯಸ್ 1522ರಿಂದ 1523ರವರೆಗೆ ಮನ್ರೇಸ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಭಿಕ್ಷೆ ಬೇಡುತ್ತ, ಪ್ರಾರ್ಥಿಸುತ್ತ ಕಂಡುಕೊಂಡದ್ದನ್ನು ಬರೆದಿಟ್ಟ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕಕ್ಕೆ 1548ರಲ್ಲಿ ಮೂರನೇ ಪಾಲ್ ಪೋಪರ ಒಪ್ಪಿಗೆ ಸಿಕ್ಕಿತು. ಸುಮಾರು ಮೂವತ್ತು ದಿನದ ಆ ಸಾಧನೆಯ ನಟ್ಟನಡುವೆ ಇರುವುದು ಆಯ್ಕೆ: ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು. ಮಾರ್ಕನ ಮೊದಲ ಅಧ್ಯಾಯದಲ್ಲೂ ಇದೇ ನಡೆಯುತ್ತದೆ. ನಸುಕಿನಲ್ಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿದ್ದ ಯೇಸುವನ್ನು ಸಿಮೋನ ಮತ್ತು ಸಂಗಡಿಗರು ಹುಡುಕಿಕೊಂಡು ಬರುತ್ತಾರೆ. ಊರೆಲ್ಲ ನಿನಗಾಗಿ ಕಾಯುತ್ತಿದೆ ಎನ್ನುತ್ತಾರೆ. ಆತ ಆ ಊರಿಗೆ ಮರಳುವುದಿಲ್ಲ, ಬೇರೆ ಊರುಗಳಿಗೆ ಹೋಗೋಣ ಎನ್ನುತ್ತಾನೆ. ಕಾಯುತ್ತಿದ್ದವರ ದೃಷ್ಟಿಯಿಂದ ಆ ಪ್ರಾರ್ಥನೆ ನಷ್ಟದ ಬಾಬತ್ತು. ಏಕಾಂತದಿಂದ ಮರಳಿದವರು ಮಾಲೀಕರಿಗೆ, ಮನೆಯವರಿಗೆ, ಒಮ್ಮೊಮ್ಮೆ ಚರ್ಚಿಗೂ ಮೊದಲಿಗಿಂತ ಕಡಿಮೆ ಉಪಯೋಗಕ್ಕೆ ಬರಬಹುದು. ಹಾಗಾಗುವ ಸಾಧ್ಯತೆಯೇ ಇಲ್ಲದಿದ್ದರೆ ಅದು ಮನಸ್ಸಿನ ಸರ್ವಿಸಿಂಗ್ ಅಷ್ಟೆ.

ಮಾರ್ಕನ 6ನೇ ಅಧ್ಯಾಯದ ಪ್ರಸಂಗವನ್ನು ಇನ್ನಷ್ಟು ನಿಧಾನವಾಗಿ ಓದಬೇಕು. ಊಟಕ್ಕೂ ಪುರುಸೊತ್ತಿಲ್ಲದಷ್ಟು ಜನ ಮುತ್ತಿಕೊಂಡಿದ್ದಾಗ ಯೇಸು ಶಿಷ್ಯರನ್ನು ಕರೆದು, ನೀವು ಮಾತ್ರ ಏಕಾಂತ ಸ್ಥಳಕ್ಕೆ ಬಂದು ತುಸು ದಣಿವಾರಿಸಿಕೊಳ್ಳಿ ಎನ್ನುತ್ತಾನೆ. ಧ್ಯಾನಕೂಟದ ಆಹ್ವಾನಪತ್ರಗಳಲ್ಲಿ ಈ ವಾಕ್ಯಕ್ಕೆ ಖಾಯಂ ಜಾಗ. ಆದರೆ ಆ ಬಿಡುವು ಕೈಗೂಡಲಿಲ್ಲ ಎಂಬುದು ಆಹ್ವಾನಪತ್ರದಲ್ಲಿ ಇರುವುದಿಲ್ಲ. ದೋಣಿ ದಡ ಮುಟ್ಟುವ ಹೊತ್ತಿಗೆ ಜನ ಕಾಲ್ನಡಿಗೆಯಲ್ಲೇ ಓಡಿ ಮುಂಚಿತವಾಗಿ ಅಲ್ಲಿ ನೆರೆದಿದ್ದರು. ಯೇಸು ಮರುಗಿದ, ಬೋಧಿಸಿದ. ಸಂಜೆಗೆ ಐದು ಸಾವಿರ ಜನರ ಊಟ. ಇದನ್ನು ಹಿಡಿದು, ನೋಡಿ, ಜನರ ಕಷ್ಟದ ಮುಂದೆ ಏಕಾಂತ ಎರಡನೆಯದು ಎಂದು ಬೋಧಿಸುವವರಿದ್ದಾರೆ. ಅವರು ಎರಡು ವಾಕ್ಯ ಮುಂದೆ ಓದಬೇಕು. ಊಟ ಮುಗಿದ ಕೂಡಲೇ ಯೇಸು ಶಿಷ್ಯರನ್ನು ಒತ್ತಾಯಪಡಿಸಿ ದೋಣಿ ಹತ್ತಿಸಿ ಆಚೆ ದಡಕ್ಕೆ ಕಳಿಸುತ್ತಾನೆ; ಜನರನ್ನು ಬೀಳ್ಕೊಡುವ ಕೆಲಸವನ್ನು ತಾನೇ ಉಳಿದು ಮಾಡುತ್ತಾನೆ. ಐದು ಸಾವಿರ ಜನರನ್ನು ಮನೆಗೆ ಕಳಿಸುವುದು ಸಣ್ಣ ಕೆಲಸವಲ್ಲ, ಹಬ್ಬದ ಊಟದ ಉಸ್ತುವಾರಿ ಹೊತ್ತವರಿಗೆ ಗೊತ್ತು. ಅದು ಮುಗಿದ ಮೇಲೆ ಪ್ರಾರ್ಥಿಸಲು ಬೆಟ್ಟ ಏರುತ್ತಾನೆ. ಸುವಾರ್ತೆಗಾರ ಇದನ್ನು ಸಿದ್ಧಾಂತ ಮಾಡಿ ಹೇಳುವುದಿಲ್ಲ, ಆದರೂ ಕ್ರಮ ಕಣ್ಣಿಗೆ ಬೀಳುವಷ್ಟು ಸ್ಪಷ್ಟ. ಬೆಳಿಗ್ಗೆ ತಪ್ಪಿದ ಬಿಡುವನ್ನು ಸಂಜೆ ಮತ್ತೆ ಹೊಂದಿಸಲು ನೋಡಿದ್ದು ಗುರುವೇ. ಇತರರ ಕೆಲಸವನ್ನು ತನ್ನ ಮೇಲೆ ಹಾಕಿಕೊಂಡ ಮೇಲೆಯೇ ಆತ ತನ್ನ ಏಕಾಂತಕ್ಕೆ ಹೋದದ್ದು. (ಶಿಷ್ಯರಿಗೆ ಆ ರಾತ್ರಿ ಸಿಕ್ಕಿದ್ದು ಎದುರುಗಾಳಿ, ಅದು ಬೇರೆ ಮಾತು.)

ನಾಲ್ಕನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಷಿಯಸ್ ಬರೆದ ಸಂತ ಅಂತೋಣಿಯ ಚರಿತ್ರೆಯಲ್ಲೂ ಇಂಥದೊಂದು ಎಳೆ ಇದೆ, ಓದುಗರು ಅದನ್ನು ದಾಟಿ ಹೋಗುತ್ತಾರೆ. ಸುಮಾರು 251ರಲ್ಲಿ ಹುಟ್ಟಿದ ಅಂತೋಣಿ ಮರುಭೂಮಿಯ ತಪಸ್ವಿಗಳಿಗೆಲ್ಲ ಮೂಲಪುರುಷನೆನಿಸಿದವನು. ತಂದೆತಾಯಿ ತೀರಿಕೊಂಡಾಗ ಅವನಿಗೆ ಹದಿನೆಂಟೋ ಇಪ್ಪತ್ತೋ ವಯಸ್ಸು. ಹೆಗಲ ಮೇಲೆ ಫಲವತ್ತಾದ ಜಮೀನು, ಮನೆ ಮತ್ತು ಒಬ್ಬ ಪುಟ್ಟ ತಂಗಿ. ಚರ್ಚಿನಲ್ಲಿ ಕೇಳಿದ ಸುವಾರ್ತೆಯ ಮಾತಿಗೆ ಓಗೊಟ್ಟು ಆಸ್ತಿಯನ್ನು ಹಂಚಿಬಿಟ್ಟ. ತಂಗಿಯ ಪಾಲಿಗೆಂದು ಸ್ವಲ್ಪ ಉಳಿಸಿಕೊಂಡಿದ್ದ, ಕೊನೆಗೆ ಅದನ್ನೂ ಕೊಟ್ಟ. ತಂಗಿಯನ್ನು ನಂಬಿಕಸ್ಥ ಕನ್ಯಾವ್ರತಿಗಳ ಬಳಿ ಬೆಳೆಯಲು ಬಿಟ್ಟ. ಕ್ರೈಸ್ತ ಸನ್ಯಾಸದ ಅತಿ ಪ್ರಸಿದ್ಧ ನಿರ್ಗಮನ ಸಾಧ್ಯವಾದದ್ದು ಮಗುವೊಂದನ್ನು ನೋಡಿಕೊಳ್ಳಲು ಒಪ್ಪಿದ ಹೆಂಗಸರಿಂದ. ಅವರ ಹೆಸರನ್ನೂ ತಂಗಿಯ ಹೆಸರನ್ನೂ ಅಥನೇಷಿಯಸ್ ಹೇಳುವುದಿಲ್ಲ. ಆದರೆ ಅನೇಕ ವರ್ಷಗಳ ನಂತರ ಅಂತೋಣಿ ಅವಳನ್ನು ಮತ್ತೆ ಕಂಡಾಗ ಅವಳು ಮುದುಕಿಯಾಗಿದ್ದಳು, ಬೇರೆ ಕನ್ಯಾವ್ರತಿಗಳಿಗೆ ಮುಖ್ಯಸ್ಥೆಯಾಗಿದ್ದಳು ಎಂಬ ವಿವರ ಕೊಡುತ್ತಾನೆ. ಯಾರೋ ವಹಿಸಿಕೊಂಡ ಹೊಣೆಯಿಂದ ಒಬ್ಬನಿಗೆ ಏಕಾಂತ ಸಿಕ್ಕಿತು, ಅದೇ ಹೊಣೆಯಿಂದ ಇನ್ನೊಬ್ಬಳಿಗೂ ದಾರಿ ತೆರೆಯಿತು. ತಂಗಿಯನ್ನು ಒಂದು ಮಾತೂ ಕೇಳದೆ ಅವನು ಇದನ್ನೆಲ್ಲ ಮಾಡಿದನೆ ಎಂಬ ಪ್ರಶ್ನೆ ಇಂದಿನ ಓದುಗರಿಗೆ ಬರಲೇಬೇಕು. ಚರಿತ್ರೆಕಾರನಿಗೆ ಅದು ಪ್ರಶ್ನೆಯಾಗಿಯೇ ಕಂಡಿಲ್ಲ.

ಈಗ ವ್ಯವಸ್ಥೆಯತ್ತ ಬರೋಣ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ ಗುರುಗಳು ಧ್ಯಾನಕೂಟಕ್ಕೆ ಸಮಯ ಕೊಡಲೇಬೇಕು ಎಂದು ವಿಧಿಸುತ್ತದೆ (276ನೇ ನಿಯಮ). ಸನ್ಯಾಸಿಗಳು, ಧರ್ಮಭಗಿನಿಯರು ವರ್ಷಕ್ಕೊಮ್ಮೆ ಅದನ್ನು ತಪ್ಪದೆ ಪಾಲಿಸಬೇಕು (663ನೇ ನಿಯಮ). ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುವುದು 533ನೇ ನಿಯಮ. ಧರ್ಮಕೇಂದ್ರದ ಗುರುಗಳಿಗೆ ವರ್ಷಕ್ಕೆ ಹೆಚ್ಚೆಂದರೆ ಒಂದು ತಿಂಗಳ ರಜೆ; ವರ್ಷಕ್ಕೊಮ್ಮೆ ಧ್ಯಾನಕೂಟದಲ್ಲಿ ಕಳೆದ ದಿನಗಳನ್ನು ಆ ರಜೆಯಲ್ಲಿ ಎಣಿಸುವಂತಿಲ್ಲ. ಅಂದರೆ ಧ್ಯಾನವೇ ಬೇರೆ, ರಜೆಯೇ ಬೇರೆ, ಒಂದಕ್ಕಾಗಿ ಇನ್ನೊಂದನ್ನು ಕಳೆದುಕೊಳ್ಳಬೇಕಿಲ್ಲ ಎಂದು ಧರ್ಮಸಭೆಯೇ ಒಪ್ಪಿದೆ. ಸೊಗಸಾದ ನಿಯಮ. ದುಡಿದು ಬದುಕುವ ವಿಶ್ವಾಸಿಗಳ ಮಾತು ಬಂದಾಗ ಮಾತ್ರ ಅದು ಅನ್ವಯಿಸುವುದಿಲ್ಲ. ಜನಸಾಮಾನ್ಯರಿಗಾಗಿ ಆಗಾಗ ಧ್ಯಾನಪ್ರವಚನ ಏರ್ಪಡಿಸಬೇಕೆಂದು 770ನೇ ನಿಯಮ ಹೇಳುತ್ತದೆ, ನಿಜ. ಬರುವವರು ಆ ದಿನಗಳನ್ನು ಎಲ್ಲಿಂದ ತರಬೇಕು ಎಂಬುದು ಅದರ ಚಿಂತೆಯಲ್ಲ. ಕಾರ್ಖಾನೆಯ ಉದಾಹರಣೆ ತೆಗೆದುಕೊಳ್ಳಿ. 1948ರ ಕಾರ್ಖಾನೆ ಕಾಯ್ದೆ ಹಾಕಿಕೊಟ್ಟ ಲೆಕ್ಕದಂತೆ, ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ಸಂಬಳಸಹಿತ ರಜೆ. ಮುನ್ನೂರು ದಿನ ದುಡಿದ ಗಾರ್ಮೆಂಟ್ಸ್ ಕೆಲಸದಾಕೆಗೆ ಹದಿನೈದು ದಿನ ಸಿಕ್ಕಿತು ಎಂದುಕೊಂಡರೂ ಎಂಟು ದಿನದ ಧ್ಯಾನಕ್ಕೆ ಹೋದರೆ ಅರ್ಧಕ್ಕಿಂತ ಹೆಚ್ಚು ಕರಗಿತು. ಮಗುವಿನ ಜ್ವರ, ತವರಿನ ಸಾವು, ಅತ್ತೆಯ ಆಸ್ಪತ್ರೆ, ಎಲ್ಲಕ್ಕೂ ಉಳಿದದ್ದು ಏಳು. ಮನೆಗೆಲಸಕ್ಕೆ ಹೋಗುವವರ ಪಾಡಂತೂ ಯಜಮಾನತಿಯ ಮರ್ಜಿಗೆ ಬಿಟ್ಟದ್ದು. ಇವರಿಗೆ ನೀವು ದೇವರಿಗಾಗಿ ಸಮಯ ಮಾಡಿಕೊಳ್ಳುತ್ತಿಲ್ಲ ಎಂದು ಪೀಠದಿಂದ ಹೇಳುವವರು ತಮ್ಮ ಧ್ಯಾನದ ದಿನಗಳು ಯಾವ ಲೆಕ್ಕದಿಂದ ಬಂದವೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ದೂರ ಹೋಗಲೇಬೇಕೆ? ಇದ್ದಲ್ಲೇ, ಮಾಡುವ ಕೆಲಸದಲ್ಲೇ ದೇವರನ್ನು ಕಾಣಬಾರದೆ? ಕಾಯಕದಲ್ಲಿ ಕೈಲಾಸ ಕಂಡ ಶರಣರ ನಾಡಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಕ್ರೈಸ್ತರಲ್ಲೂ ಅದಕ್ಕೆ ದೊಡ್ಡ ಸಾಕ್ಷಿಗಳಿದ್ದಾರೆ: ಅಡುಗೆಮನೆಯ ಪಾತ್ರೆಗಳ ನಡುವೆಯೂ ಪ್ರಭು ಇದ್ದಾನೆಂದ ಅವಿಲದ ತೆರೇಸ, ಪ್ಯಾರಿಸಿನ ಮಠದ ಅಡುಗೆಯವನಾಗಿ ದೇವರ ಸನ್ನಿಧಿಯನ್ನು ಅಭ್ಯಾಸ ಮಾಡಿದ ಸಹೋದರ ಲಾರೆನ್ಸ್. ಆದರೆ ಆ ಮಾತು ಹೇಳಿದ ತೆರೇಸಳೇ ತನ್ನ ಮಠಗಳಿಗೆ ಬರೆದ ಕಟ್ಟಳೆಯಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮೌನಪ್ರಾರ್ಥನೆಯನ್ನು ಕಡ್ಡಾಯ ಮಾಡಿದಳು. ಲಾರೆನ್ಸ್ ಸೌಟು ಹಿಡಿದದ್ದು ಅದೇ ಕಾರ್ಮೆಲ್ ಪರಂಪರೆಯ ಮಠದಲ್ಲಿ. ಗಂಟೆ ಬಾರಿಸಿದರೆ ಕೆಲಸ ನಿಲ್ಲಿಸಲು ಸುತ್ತಲಿನ ವ್ಯವಸ್ಥೆಯೇ ಅನುವಾಗಿತ್ತು. ಅಂಥ ಗಂಟೆ ಇರುವ ಅಡುಗೆಮನೆಯ ಅನುಭವವನ್ನು ಗಂಟೆಯೇ ಇಲ್ಲದ ಅಡುಗೆಮನೆಗೆ ಬೋಧಿಸುವುದು ಸುಲಭ, ನ್ಯಾಯವಲ್ಲ. ಕೆಲಸದಲ್ಲಿ ದೇವರನ್ನು ಕಾಣುವ ಕಣ್ಣು ಕೆಲಸದಾಚೆಗಿನ ಹೊತ್ತಿನಲ್ಲಿ ಪಳಗಬೇಕು. ವಿಮೋಚನಕಾಂಡದಲ್ಲೂ ಈ ಸಲಹೆ ಬರುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ನೊಣಗಳ ಕಾಟ ತಡೆಯಲಾಗದೆ ಫರೋಹ ಮೊದಲ ಬಾರಿ ಚೌಕಾಸಿಗೆ ಇಳಿದಾಗ ಹೇಳುವುದು ಇದನ್ನೇ: ಬಲಿ ಅರ್ಪಿಸಬೇಕಾದರೆ ಇಲ್ಲೇ, ಈ ನಾಡಿನಲ್ಲೇ ಅರ್ಪಿಸಿ.

ಆದರೆ ಇದೇ ಆಕ್ಷೇಪದ ಇನ್ನೊಂದು ರೂಪಕ್ಕೆ ನಾನು ತಲೆಬಾಗಬೇಕು. ಸಾರ್ವಜನಿಕ ಹೊಣೆ ಅಥವಾ ಬಿಡಲಾಗದ ವ್ಯವಹಾರ ಇರುವವರು ದಿನಕ್ಕೆ ಒಂದೂವರೆ ಗಂಟೆ ತೆಗೆದಿಟ್ಟು ಮನೆಯಲ್ಲೇ ಸಾಧನೆಯನ್ನು ಮಾಡಬಹುದೆಂದು ಇಗ್ನೇಷಿಯಸ್ ತನ್ನ ಪುಸ್ತಕದ ಮುನ್ಸೂಚನೆಗಳಲ್ಲಿ, 19ನೆಯದರಲ್ಲಿ, ಹೇಳುತ್ತಾನೆ. ಮೂವತ್ತು ದಿನದಲ್ಲಿ ಮುಗಿಯುವುದು ಆಗ ತಿಂಗಳುಗಟ್ಟಲೆ ನಡೆಯುತ್ತದೆ. ಇತ್ತೀಚಿನ ದಶಕಗಳಲ್ಲಿ ಯೇಸುಸಭೆಯವರು ಇದನ್ನು ಮತ್ತೆ ಚೆನ್ನಾಗಿ ರೂಢಿಗೆ ತಂದಿದ್ದಾರೆ. ಇಂದು ಬಹಳ ಜನರಿಗೆ ಸಾಧ್ಯವಾಗುವ ದಾರಿ ಇದೇ ಇರಬಹುದು. ಆದರೂ 20ನೇ ಮುನ್ಸೂಚನೆಯಲ್ಲಿ ಆತ ಸ್ನೇಹಿತರು, ಪರಿಚಿತರು, ಲೌಕಿಕ ಚಿಂತೆಗಳಿಂದ ದೂರ ಸರಿದಷ್ಟೂ, ಮನೆಯನ್ನೇ ಬದಲಿಸಿದಷ್ಟೂ ಫಲ ಹೆಚ್ಚು ಎನ್ನುತ್ತಾನೆ. ಮನೆಯಲ್ಲಿನ ಒಂದೂವರೆ ಗಂಟೆಗೂ ಒಂದು ಷರತ್ತಿದೆ: ಆ ಹೊತ್ತಿನಲ್ಲಿ ಯಾರೂ ಕರೆಯಬಾರದು. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಯಲ್ಲಿ, ನೀರು ಬಿಡುವ ಹೊತ್ತನ್ನು ನೋಡಿಕೊಂಡು ಬದುಕುವ ಬೀದಿಯಲ್ಲಿ, ಅಂಥ ತೊಂಬತ್ತು ನಿಮಿಷ ಒಂದು ಆಸ್ತಿ. ಆದ್ದರಿಂದ ಮನೆಯಲ್ಲೇ ಮಾಡಿ ಎಂಬುದು ದಾನವಾಗಬೇಕಾದರೆ ಆ ತೊಂಬತ್ತು ನಿಮಿಷವನ್ನೂ ಯಾರಾದರೂ ಜೋಡಿಸಿಕೊಡಬೇಕು.

ಫರೋಹನ ಚೌಕಾಸಿಯಲ್ಲಿ ಇನ್ನೊಂದು ಹಂತವಿದೆ, ನಮ್ಮ ಸಭೆಗಳು ಅದನ್ನು ಕೇಳದೆಯೇ ಒಪ್ಪಿಕೊಂಡಂತಿವೆ. ಗಂಡಸರು ಮಾತ್ರ ಹೋಗಿಬನ್ನಿ ಎನ್ನುತ್ತಾನೆ ಆತ 10ನೇ ಅಧ್ಯಾಯದಲ್ಲಿ. ಮೋಶೆ ಆಗಲೇ ಹೇಳಿದ್ದ: ಎಳೆಯರು, ಮುದುಕರು, ಗಂಡುಮಕ್ಕಳು, ಹೆಣ್ಣುಮಕ್ಕಳು, ಎಲ್ಲರೂ ಹೋಗುತ್ತೇವೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತದ ವಾನ್ ಪಟ್ಟಣದಲ್ಲಿ ಜನಸಾಮಾನ್ಯರಿಗಾಗಿಯೇ ಧ್ಯಾನಮಂದಿರವೊಂದು ತೆರೆಯಿತು. ರೈತರು, ಕುಶಲಕರ್ಮಿಗಳು, ಶ್ರೀಮಂತರು ಎಲ್ಲರೂ ಬಂದರು. ಹೆಂಗಸರಿಗೆ ಮಾತ್ರ ಪ್ರವೇಶವಿರಲಿಲ್ಲ. ಕತ್ರೀನ್ ದ ಫ್ರಾಂಶ್ವಿಲ್ ಎಂಬಾಕೆ ತನ್ನ ಆಸ್ತಿಯನ್ನು ಸುರಿದು ಹೆಂಗಸರಿಗಾಗಿ ಬೇರೆ ಮಂದಿರ ಕಟ್ಟಿಸಿದಳು; ಅದಕ್ಕೆ ವಿರೋಧವನ್ನೂ ಎದುರಿಸಿದಳು. ಸುಮಾರು ಒಂದೂವರೆ ಶತಮಾನದ ನಂತರ ಅದೇ ದೇಶದ ಲಾ ಲುವೆಸ್ಕ್ ಎಂಬ ಬೆಟ್ಟದೂರಿನಲ್ಲಿ ಯಾತ್ರೆಗೆ ಬರುವ ಹೆಂಗಸರ ತಂಗುದಾಣವನ್ನು ತೆರೇಸ್ ಕುಡೆರ್ಕ್ ಧ್ಯಾನಮಂದಿರವಾಗಿ ಮಾರ್ಪಡಿಸಿದಳು. ಹೆಂಗಸರಿಗೆ ದೇವರೊಡನೆ ಒಂಟಿಯಾಗಿರಲು ಬಿಡುವು ಬೇಕು ಎಂಬುದು ಇಷ್ಟು ಹೋರಾಡಿ ಗೆಲ್ಲಬೇಕಾದ ಮಾತಾಗಿತ್ತು. ಇಂದಿಗೂ ಧ್ಯಾನಕೂಟಗಳಲ್ಲಿ ಮಾರ್ತ ಮರಿಯರ ಕಥೆ ಹೇಳಿ, ಮಾರ್ತಳಂತೆ ಚಡಪಡಿಸಬೇಡಿ ಎಂದು ಬೋಧಿಸುತ್ತಾರೆ. ಬೋಧನೆ ಮುಗಿದು ಊಟದ ಗಂಟೆಯಾದಾಗ ಬಡಿಸುವವರು ಯಾರೆಂದು ನೋಡಿದರೆ ಆ ಬೋಧನೆಯ ಅರ್ಧ ಭಾಗ ಹೇಳದೇ ಉಳಿದದ್ದು ತಿಳಿಯುತ್ತದೆ.

ಪ್ರೊಟೆಸ್ಟೆಂಟ್ ಓದುಗರ ಆಕ್ಷೇಪ ಬೇರೆ ದಿಕ್ಕಿನದು. ಬೇರೆಯಾಗಿ ಹೋಗಿ ಸಾಧಿಸುವ ಪುಣ್ಯ ಎಂಬುದೇ ತಪ್ಪು, ಅದು ವಿಶ್ವಾಸಿಗಳಲ್ಲಿ ಮೇಲು ಕೀಳು ಮಾಡುತ್ತದೆ ಎಂದಲ್ಲವೆ ಮಾರ್ಟಿನ್ ಲೂಥರ್ 1521ರಲ್ಲಿ ಸನ್ಯಾಸವ್ರತಗಳ ವಿರುದ್ಧ ಬರೆದದ್ದು? ಹೌದು. ಆದರೆ ಅದೇ ಲೂಥರ್ 1535ರಲ್ಲಿ ಪ್ರಾರ್ಥನೆ ಮಾಡುವ ಬಗೆಯನ್ನು ಕುರಿತು ಚಿಕ್ಕ ಹೊತ್ತಗೆಯೊಂದನ್ನು ಬರೆದ. ಯಾರಿಗಾಗಿ? ಪೀಟರ್ ಎಂಬ ತನ್ನ ಕ್ಷೌರಿಕನಿಗಾಗಿ. ಈ ಕೆಲಸವೊಂದು ಮುಗಿಯಲಿ, ಇನ್ನೊಂದು ಗಳಿಗೆಯಲ್ಲಿ ಪ್ರಾರ್ಥಿಸುತ್ತೇನೆ ಎಂಬ ಆಲೋಚನೆಯ ಬಗ್ಗೆ ಎಚ್ಚರವಾಗಿರು ಎಂದು ಅವನಿಗೆ ಹೇಳುತ್ತಾನೆ. ಮನಸ್ಸು ತಣ್ಣಗಾದಾಗ ಕೀರ್ತನೆಗಳ ಪುಸ್ತಕ ಹಿಡಿದು ತಾನು ಕೋಣೆಗೋ ಚರ್ಚಿಗೋ ಸರಿದುಬಿಡುವುದನ್ನೂ ತಿಳಿಸುತ್ತಾನೆ. ಸನ್ಯಾಸಿಯ ಗುತ್ತಿಗೆಯಿಂದ ಏಕಾಂತವನ್ನು ಬಿಡಿಸಿ ಕತ್ತರಿ ಹಿಡಿದವನ ಕೈಗೆ ಕೊಟ್ಟದ್ದು ಸುಧಾರಣೆಯ ದೊಡ್ಡ ಕೆಲಸ. ಮೇಲು ಕೀಳಿನ ದೋಷ ಏಕಾಂತದಿಂದ ಬರುವುದಿಲ್ಲ, ಅದರ ಹಂಚಿಕೆಯಿಂದ ಬರುತ್ತದೆ.

ಉಳಿದದ್ದು ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ. ಹಸಿದವರು, ಕಾಯಿಲೆಯವರು ಬಾಗಿಲಲ್ಲಿರುವಾಗ ಒಳಗೆ ಕಣ್ಣುಮುಚ್ಚಿ ಕೂರುವುದು ಸ್ವಾರ್ಥವಲ್ಲವೆ? ನಾಲ್ಕನೇ ಶತಮಾನದ ಸಂತ ಬೆಸಿಲ್ ತನ್ನ ಮಠದ ನಿಯಮಗಳಲ್ಲಿ ಒಂಟಿ ತಪಸ್ವಿಯನ್ನು ಚುಚ್ಚಿದ್ದು ಇದೇ ಅರ್ಥದಲ್ಲಿ: ಜೊತೆಗೆ ಯಾರೂ ಇಲ್ಲದವನಿಗೆ ಪಾದ ತೊಳೆಯುವ ಅವಕಾಶವೆಲ್ಲಿ? ಆದರೆ ಸೀಸರಿಯದಲ್ಲಿ ಬಡವರಿಗೂ ರೋಗಿಗಳಿಗೂ ದೊಡ್ಡ ಆಶ್ರಯವನ್ನು ಕಟ್ಟಿಸಿದ ಈ ಬೆಸಿಲ್ ಅದಕ್ಕೆ ಮೊದಲು ಪೊಂಟಸ್ ಪ್ರಾಂತದ ನದೀತೀರದಲ್ಲಿ ಏಕಾಂತದ ವರ್ಷಗಳನ್ನು ಕಳೆದವನು. ಎಲೀಯನ ಕಥೆಯೂ ಇದನ್ನೇ ತೋರುತ್ತದೆ. ಸಾಯುವಷ್ಟು ದಣಿದು ಓಡಿಬಂದವನಿಗೆ ದೇವದೂತ ಮೊದಲು ಕೊಟ್ಟದ್ದು ಎರಡು ಬಾರಿ ರೊಟ್ಟಿ, ನೀರು, ನಿದ್ದೆ. ಬೆಟ್ಟದಲ್ಲಿ ಸಿಕ್ಕಿದ್ದು ಮತ್ತೆ ಕೆಲಸ. ಆ ಕೆಲಸದಲ್ಲಿ ಒಂದು, ಎಲೀಷನನ್ನು ಉತ್ತರಾಧಿಕಾರಿಯಾಗಿ ಗುರುತಿಸುವುದು. ನಾನೊಬ್ಬನೇ ಉಳಿದಿದ್ದೇನೆ ಎಂದು ಗೋಳಾಡಿದವನಿಗೆ ಹೆಗಲು ಕೊಡುವ ಇನ್ನೊಬ್ಬ ಸಿಕ್ಕ. ಸೇವೆಯ ಹೆಸರಿನಲ್ಲಿ ಏಕಾಂತವನ್ನು ನಿರಾಕರಿಸುವವರು ಬಹಳಷ್ಟು ಸಲ ನಿರಾಕರಿಸುತ್ತಿರು­ವುದು ಹೊರೆ ಹಂಚಿಕೊಳ್ಳುವುದನ್ನು.

ಹೊರೆ ಹಂಚಿಕೊಂಡು ಏಕಾಂತವನ್ನು ಕಟ್ಟಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಅಮೆರಿಕದ ಮೆಥಡಿಸ್ಟ್ ಮಿಷನರಿ ಇ. ಸ್ಟಾನ್ಲಿ ಜೋನ್ಸ್ 1930ರಲ್ಲಿ ಕುಮಾವೂನ್ ಬೆಟ್ಟಗಳ ಸಾತ್ ತಾಲ್‌ನಲ್ಲಿ ಕ್ರೈಸ್ತ ಆಶ್ರಮ ಆರಂಭಿಸಿದಾಗ ಮಾಡಿದ ಏರ್ಪಾಟುಗಳಲ್ಲಿ ಒಂದು ಇದು: ಶೌಚಾಲಯ ತೊಳೆಯುವವನಿಗೆ ವಾರಕ್ಕೊಂದು ದಿನ ರಜೆ, ಅಂದು ಆ ಕೆಲಸ ಆಶ್ರಮವಾಸಿಗಳದ್ದು. ಬ್ರಾಹ್ಮಣ ಕುಲದಿಂದ ಕ್ರೈಸ್ತರಾಗಿದ್ದ ಒಬ್ಬರು, ಈ ಕೆಲಸಕ್ಕೆ ಯಾವಾಗ ಕೈಹಾಕುತ್ತೀರಿ ಎಂದು ಕೇಳಿದಾಗ, ನಾನು ಮತಾಂತರಗೊಂಡಿರುವುದು ನಿಜ, ಆದರೆ ಅಷ್ಟು ದೂರದವರೆಗೆ ಅಲ್ಲ ಎಂಬ ಅರ್ಥದಲ್ಲಿ ಉತ್ತರಿಸಿದ್ದನ್ನು ಜೋನ್ಸ್ ದಾಖಲಿಸಿದ್ದಾರೆ. ನಗು ಬರುತ್ತದೆ, ಆದರೆ ಇಡೀ ಪ್ರಶ್ನೆ ಆ ಉತ್ತರದಲ್ಲಿದೆ. ಭಾರತದಲ್ಲಿ ಯಾರ ಬಿಡುವಿನ ಕೆಳಗೆ ಯಾರ ದುಡಿಮೆ ಇದೆ ಎಂಬುದನ್ನು ಜಾತಿ ಮೊದಲೇ ನಿಗದಿ ಮಾಡಿರುತ್ತದೆ. ಚರ್ಚಿನೊಳಗೂ ಅದು ಅಳಿದಿಲ್ಲ. ವಾರಕ್ಕೊಂದು ದಿನ ಪೊರಕೆ ಹಿಡಿದ ಮಾತ್ರಕ್ಕೆ ಜಾತಿ ಹೋಗುವುದಿಲ್ಲ, ಸಾತ್ ತಾಲ್ ಹಾಗೆಂದು ಹೇಳಿಕೊಳ್ಳಲೂ ಇಲ್ಲ. ಆದರೂ ಧ್ಯಾನದ ವೇಳಾಪಟ್ಟಿಯಲ್ಲೇ ಇನ್ನೊಬ್ಬನ ರಜೆಯನ್ನು ಬರೆದಿಟ್ಟ ಆ ಕ್ರಮ ನನಗೆ ಎಷ್ಟೋ ಧ್ಯಾನಗ್ರಂಥಗಳಿಗಿಂತ ಮೇಲೆನಿಸುತ್ತದೆ.

ಖರ್ಚಿನ ಮಾತು ಕೊನೆಗೆ ಬಂದೇ ಬರುತ್ತದೆ. 17ನೇ ಶತಮಾನದ ಪ್ಯಾರಿಸಿನಲ್ಲಿ ವಿನ್ಸೆಂಟ್ ದಿ ಪೌಲರ ಸೇಂಟ್ ಲಜಾರ್ ಮನೆ ಧ್ಯಾನಕ್ಕೆ ಬಂದವರಿಗೆಲ್ಲ ಬಾಗಿಲು ತೆರೆದಿತ್ತು; ಪ್ರಭುಗಳು, ಸೇವಕರು, ಸೈನಿಕರು, ಬಡವರು ಒಂದೇ ಪಂಕ್ತಿಯಲ್ಲಿ ಕೂರುತ್ತಿದ್ದರು, ಹಣ ಕೇಳುತ್ತಿರಲಿಲ್ಲ. ಖರ್ಚು ಮೀರುತ್ತಿದೆ ಎಂದು ಒಳಗಿನವರೇ ಗೊಣಗಿದರೂ ವಿನ್ಸೆಂಟರು ಬಾಗಿಲು ಕಿರಿದು ಮಾಡಲಿಲ್ಲ. ಅದೇ ವಿನ್ಸೆಂಟರನ್ನು ಪೋಷಕರಾಗಿ ಹೊಂದಿದ ಕೇರಳದ ಸಭೆಯವರು ನಡೆಸುವ ಮುರಿಂಗೂರಿನ ಡಿವೈನ್ ಕೇಂದ್ರಕ್ಕೆ ಇಂದು ಹಲವು ಭಾಷೆಯ ಜನ ಬಂದು ದಿನಗಟ್ಟಲೆ ಉಳಿಯುತ್ತಾರೆ. ನಮ್ಮಲ್ಲೂ ಮೂಲ್ಕಿಯ ಡಿವೈನ್ ಕಾಲ್ ಸೆಂಟರ್ ಇದೆ. ಮಂಗಳೂರಿನ ಫಾತಿಮಾ ರಿಟ್ರೀಟ್ ಹೌಸ್, ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ ಅಮಲೋರ್ಪವದಾಸ್ ಗುರುಗಳು 1979ರಲ್ಲಿ ಕಟ್ಟಿದ ಅಂಜಲಿ ಆಶ್ರಮದಂಥ ಮೌನದ ತಾಣಗಳಲ್ಲಿ ಪಳಗಿದವರು ಮೂಲ್ಕಿ, ಮುರಿಂಗೂರಿನ ಧ್ವನಿವರ್ಧಕ, ಚಪ್ಪಾಳೆ, ಸಾಕ್ಷ್ಯಗಳ ಗದ್ದಲಕ್ಕೆ ಮೂಗು ಮುರಿಯುತ್ತಾರೆ. ರುಚಿಯ ವಿಷಯದಲ್ಲಿ ನಾನು ಮೌನದ ಪಕ್ಷ. ಆದರೆ ಕೂಲಿಯವರು, ಮೀನುಗಾರರ ಮನೆಯವರು, ಸಾಲಗಾರರು, ಕುಡುಕ ಗಂಡನಿಂದ ನೊಂದವರು ಮನೆ ಬಿಟ್ಟು ಬಂದು ಕೆಲವು ದಿನ ಉಳಿಯುವುದು ಆ ಗದ್ದಲದ ಜಾಗಗಳಲ್ಲೇ. ಮೌನವನ್ನು ಎತ್ತಿಹಿಡಿಯುವವರು ಮೊದಲು ಅದನ್ನು ಅವರ ಕೈಗೆಟುಕುವಂತೆ ಮಾಡಲಿ, ರುಚಿಯ ಚರ್ಚೆ ಆಮೇಲೆ.

ಹಾಗೆ ಮಾಡಲು ದೊಡ್ಡ ಸಂಸ್ಥೆ ಬೇಕಿಲ್ಲ. ಧರ್ಮಕೇಂದ್ರವೊಂದು ವರ್ಷಕ್ಕೆ ನಾಲ್ಕು ಜನರನ್ನಾದರೂ ಹೆಸರಿಟ್ಟು ಆರಿಸಿ, ಅವರ ಐದು ದಿನದ ಕೂಲಿಯನ್ನು ಕಾಣಿಕೆ ಹಣದಿಂದ ತುಂಬಬಹುದು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ವಾರ್ಡಿನ ಮನೆಗಳು ಸರದಿ ಹಾಕಿಕೊಳ್ಳಬಹುದು. ಸಾವು ಮದುವೆಗಳಲ್ಲಿ ಇದನ್ನು ಈಗಲೂ ಯಾರೂ ಹೇಳಿಕೊಡದೆ ಮಾಡುತ್ತಾರೆ. ಧ್ಯಾನಕೂಟದ ಅಡುಗೆಯನ್ನು ಹಿಂದಿನ ವರ್ಷ ಧ್ಯಾನಕ್ಕೆ ಕೂತ ಗಂಡಸರಿಗೆ ವಹಿಸಬಹುದು; ಸಾರಿನ ಉಪ್ಪು ಹೆಚ್ಚುಕಡಿಮೆಯಾದರೆ ತಪಸ್ಸುಕಾಲಕ್ಕೆ ಒಪ್ಪುತ್ತದೆ. ತಾನೇ ಐದು ದಿನ ಧ್ಯಾನಕ್ಕೆ ಹೊರಟ ಗೃಹಿಣಿ ಮನೆಗೆಲಸದಾಕೆಗೆ, ಆಕೆ ಯಾವ ಧರ್ಮದವಳೇ ಇರಲಿ, ಅಷ್ಟೇ ದಿನ ಸಂಬಳದ ರಜೆ ಕೊಟ್ಟು ಹೋಗಬಹುದು. ಸಬ್ಬತ್ತಿನ ಪಟ್ಟಿಯಲ್ಲಿ ದಾಸಿಯ ಜೊತೆಗೆ ಪರದೇಶಿಯೂ ಇದ್ದಾನೆ, ಅವರ ದೇವರು ಯಾರೆಂದು ಅದು ಕೇಳುವುದಿಲ್ಲ. ಇದರಲ್ಲಿ ಬಗೆಹರಿಯದ ತೊಡಕೂ ಉಂಟು. ನಾಲ್ಕು ಜನರನ್ನು ಆರಿಸುವವರು ಯಾರು? ಪಾಲನಾ ಮಂಡಳಿಗೆ ಬಿಟ್ಟರೆ ಮಂಡಳಿಯ ಕಣ್ಣಿಗೆ ಬಿದ್ದವರಿಗೇ ಸಿಗುತ್ತದೆ, ಚೀಟಿ ಎತ್ತಿದರೆ ಬೇಕಾದವರಿಗೆ ತಪ್ಪುತ್ತದೆ, ಕೇಳಿದವರಿಗೆ ಎಂದರೆ ಕೇಳುವ ಬಾಯಿ ಇಲ್ಲದವರು ಉಳಿದುಬಿಡುತ್ತಾರೆ. ನನ್ನ ಒಲವು ಚೀಟಿಯತ್ತ, ಗುರುಗಳ ಹೆಸರನ್ನೂ ಅದೇ ಡಬ್ಬಿಯಲ್ಲಿ ಹಾಕಬೇಕು ಎಂಬ ಷರತ್ತಿನೊಡನೆ.